ಇನ್ನೆಷ್ಟೊತ್ತು ಆಡ್ತಾಳೆ?

ಅನ್ನ ಬೇಯೋದು, ಬಸ್ಸು ಬರೋದು, ಸಭೆಯಲ್ಲಿ ಭಾಷಣ ನಿಲ್ಲೋದು, ಇದನ್ನೆಲ್ಲ ಸುಮಾರಾಗಿ ಅಂದಾಜು ಮಾಡಬಲ್ಲೆ ಅಂತ ನನಗೊಂದು ಜಂಬವಿತ್ತು. ಮಗಳು ಸಿಂಚನ ಕಂಪ್ಯೂಟರ್ ಗೇಮ್ ಆಡೋದನ್ನೇ ಉದ್ಯೋಗ ಮಾಡಿಕೊಂಡ ಮೇಲೆ ಅದು ಇಳಿಯಿತು.

ಪೂರ್ತಿ ಇಳಿದದ್ದು ಗುಬ್ಬಿಯ ಬೀಗರ ಮನೆಯಲ್ಲಿ, ಮೊಮ್ಮಗಳ ನಾಮಕರಣದ ದಿನ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಸಿಂಚನ. ಅವಳ ತಂಡದ ಪಂದ್ಯವೋ ಮುಂದಕ್ಕೆ ಹೋಗಿ ಹೋಗಿ ಅದೇ ಬೆಳಗ್ಗೆಗೆ ಬಂದು ಕೂತಿತ್ತು. ಸೋತರೆ ತಂಡವನ್ನೇ ಮುಚ್ಚುತ್ತೇವೆ ಎಂದು ನಡೆಸುವವರು ಹೇಳಿಬಿಟ್ಟಿದ್ದರು. ಹಾಗಾಗಿ ತುಮಕೂರಿನಿಂದ ತೊಟ್ಟಿಲ ಜೊತೆ ಕಂಪ್ಯೂಟರನ್ನೂ ಕಾರಿಗೆ ಹೇರಿಕೊಂಡು ಬಂದೆವು. ಮಹಡಿಯ ರೂಮಲ್ಲಿ ಅವಳು. ಕೆಳಗೆ ಹೂ ಕಟ್ಟಿದ ತೊಟ್ಟಿಲು, ನೆಂಟರು, ಇಲ್ಲಿ ಶಾಸ್ತ್ರ ಮುಗಿಸಿ ಕುಣಿಗಲ್‌ಗೆ ಇನ್ನೊಂದು ಪೂಜೆಗೆ ಓಡಬೇಕಿದ್ದ ಅಯ್ನೋರು. ನಡುವೆ ಮೆಟ್ಟಿಲ ಮೇಲೆ ನಾನು.

"ಇನ್ನೆಷ್ಟೊತ್ತು ಬೀಗ್ರೇ?" ಕೇಳಿದರು ಸೊಸೆ ಶ್ವೇತಾಳ ತಂದೆ.

"ಆಗೋಯ್ತು, ಇನ್ನೇನು," ಅಂದೆ, ಏನೂ ಗೊತ್ತಿಲ್ಲದೆ.

ಕ್ರಿಕೆಟ್ಟಿಗೆ ಓವರುಗಳಿವೆ, ಕಬಡ್ಡಿಗೆ ಸೀಟಿ ಇದೆ. ಈ ಆಟದಲ್ಲಿ ಐದೈದು ಜನರ ಎರಡು ಪಡೆ, ಎರಡು ಕೋಟೆ. ಒಂದು ಬೀಳುವತನಕ ಆಟ. ಹುತ್ರಿದುರ್ಗದ ಕೋಟೆ ಹತ್ತಿದವರು ಯೋಚಿಸಿ ನೋಡಿ: ಅಲ್ಲಿ ಒಳಗೆ ಕೂತವರಿಗಾಗಲಿ ಹೊರಗೆ ಮುತ್ತಿದವರಿಗಾಗಲಿ ಊಟದ ಹೊತ್ತಿಗೆ ಮುಗಿಯುತ್ತೆ ಅಂತ ಯಾರು ಹೇಳಿದ್ದಾರು? ಸಮಬಲರಿದ್ದರೆ ಎಳೆಯುತ್ತದೆ. ಒಬ್ಬರು ಮುಗ್ಗರಿಸಿದರೆ ತಟ್ಟನೆ ಮುಗಿಯುತ್ತದೆ.

"ಸೋತ್ರೆ ಬೇಗ ಮುಗಿಯುತ್ತಾ ರೀ?" ಹೆಂಡತಿ ಪಿಸುಗುಟ್ಟಿದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ.

"ಮುಹೂರ್ತ ದಾಟ್ತಾ ಐತೆ. ಅಜ್ಜೀನೇ ಹೇಳ್ಬುಡ್ಲಿ ಬುಡಿ," ಅಂದರು ಅಯ್ನೋರು.

ಶ್ವೇತಾ ಮಗುವನ್ನೆತ್ತಿಕೊಂಡು ಎದ್ದಳು. "ಸಿಂಚನಾನೇ ಹೇಳ್ಬೇಕು. ಅವಳು ಬರಕ್ಕಾಗಲ್ಲ ಅಂದ್ರೆ ನಾವೇ ಹೋಗೋಣ." ಮೆಟ್ಟಿಲು ಹತ್ತಿದಳು. ಅವಳ ಹಿಂದೆ ಅಯ್ನೋರು, ಅವರ ಹಿಂದೆ ಇಡೀ ಮನೆ.

ರೂಮಲ್ಲಿ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಇವಳ ಕೋಟೆಯ ಹೊರಗೋಡೆ ಬಿದ್ದು ಶತ್ರುಗಳು ಒಳಗೆ ನುಗ್ಗಿದ್ದರು. ನಾವು ನೋಡುತ್ತಿದ್ದಂತೆ ಅವಳ ಯೋಧ ಉರುಳಿದ. ಈ ಆಟದಲ್ಲಿ ಸತ್ತವರು ಮತ್ತೆ ಏಳುತ್ತಾರೆ, ಆದರೆ ಪಂದ್ಯ ಬೆಳೆದಷ್ಟೂ ಕಾಯುವ ಹೊತ್ತೂ ಬೆಳೆಯುತ್ತದೆ. ಸಿಂಚನ ಸರಕ್ಕನೆ ತಿರುಗಿದಳು.

"ಅತ್ತಿಗೆ, ಬೇಗ ಕೊಡಿ! ನಾನೀಗ ಸತ್ತಿದೀನಿ!"

"ಶಿವ ಶಿವಾ," ಅಂದರು ಅಯ್ನೋರು. ನನ್ನ ಹೆಂಡತಿ "ಬುಡ್ತು ಅನ್ನೇ!" ಅಂತ ಗದರಿದಳು.

ಸಿಂಚನ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ, ಬಗ್ಗಿ, ಮಗುವಿನ ಕಿವಿಯಲ್ಲಿ "ಇಂಚರ, ಇಂಚರ, ಇಂಚರ" ಅಂದಳು. ಮೈಕು ಆನ್ ಇತ್ತು. "ಯಾರೇ ಅದು ಇಂಚರ? ಯಾವ ಕಡೆಯಿಂದ ಬರ್ತಿದಾಳೆ?" ಹೆಡ್‌ಫೋನೊಳಗಿಂದ ತಂಡದವನೊಬ್ಬ ಗಾಬರಿಯಿಂದ ಕಿರುಚಿದ್ದು ನಮಗೂ ಕೇಳಿಸಿತು.

ಉತ್ತರಿಸಲು ಅವಳಿಗೆ ಪುರುಸೊತ್ತಿರಲಿಲ್ಲ. ಯೋಧ ಎದ್ದಿದ್ದ. ಉಳಿದ ನಾಲ್ವರು ಹೇಗೋ ಕಾಪಾಡಿಕೊಂಡಿದ್ದ ಕೋಟೆಯ ಕಾವಲಿಗೆ ಅವಳೂ ಸೇರಿಕೊಂಡಳು. ಬಾಗಿಲಲ್ಲಿ ಒತ್ತಿಕೊಂಡು ನಿಂತ ನಾವ್ಯಾರೂ ಇನ್ನೆಷ್ಟೊತ್ತು ಅಂತ ಕೇಳಲಿಲ್ಲ. ಮುತ್ತಿದವರು ಹಿಮ್ಮೆಟ್ಟಿದರು. ಆಮೇಲೆ, ಬಹಳ ಆಮೇಲೆ, ಅವರ ಕೋಟೆ ಬಿತ್ತು. ಆಟ ಒಂದಿಷ್ಟೂ ತಿಳಿಯದ ಬೀಗರು ನನ್ನನ್ನು ತಬ್ಬಿಕೊಂಡರು.

ಸಿಂಚನ ಕೆಳಗಿಳಿದು ಬಂದು ತೊಟ್ಟಿಲ ಪಕ್ಕ ಕೂತಳು. ಶ್ವೇತಾ ಮಗುವನ್ನು ಅವಳ ಮಡಿಲಲ್ಲಿ ಮಲಗಿಸಿದಳು. ಅದು ಅಲ್ಲೇ ನಿದ್ದೆ ಹೋಯಿತು. ಎಲೆ ಹಾಕಿ ಊಟಕ್ಕೆ ಕರೆದರೂ ಸಿಂಚನ ಅಲುಗಾಡಲಿಲ್ಲ.

"ಅತ್ತಿಗೆ, ಹಸಿವಾಗ್ತಿದೆ. ಎಷ್ಟೊತ್ತು ಮಲಗ್ತಾಳೆ ಇವ್ಳು?"

ಶ್ವೇತಾ ನಕ್ಕಳು. "ಅದನ್ನ ಯಾರ್ ಹೇಳಕ್ಕಾಗುತ್ತೆ? ಸುಮ್ನೆ ಕೂತ್ಕೊ."