ವಾಲ್ವು ಕೂರಿಸಿದ ಕೈ

ಹೊಸ ರಬ್ಬರ್ ಪೈಪನ್ನು ಬ್ಲೇಡಿನಿಂದ ಕೊಯ್ದಾಗ ಒಂದು ವಾಸನೆ ಏಳುತ್ತದೆ. ಟೈರಿನ ಅಂಗಡಿಯ ವಾಸನೆಯಲ್ಲ, ಸುಟ್ಟ ರಬ್ಬರಿನದೂ ಅಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಆ ವಾಸನೆ ಮೂಗಿಗೆ ಬಡಿದರೆ ನನಗೆ ಬಾಯಲ್ಲಿ ರಕ್ತದ ರುಚಿ ಬರುತ್ತದೆ.

ಹೋದ ವಾರ ನ್ಯಾಮತಿಯ ಹುಡುಗನೊಬ್ಬ ಹೊನ್ನಾಳಿಯ ನನ್ನ ಗ್ಯಾರೇಜಿಗೆ ಟರ್ಬೋ ಪೆಟ್ರೋಲ್ ಕಾರು ತಂದು ನಿಲ್ಲಿಸಿ, ಆನ್‌ಲೈನಿನಲ್ಲಿ ತರಿಸಿದ ಬೈಪಾಸ್ ವಾಲ್ವೊಂದನ್ನು ನನ್ನ ಕೈಗಿಟ್ಟ. ನಾನು ಅಳತೆ ನೋಡಿ ಸಣ್ಣ ಪೈಪು ಕೊಯ್ದೆ. ಅಷ್ಟೇ... ಎದುರಿಗೆ ನನ್ನ ಹಳೆಯ ಗ್ಯಾರೇಜಿನ ಮೇಸ್ತ್ರಿ ಬಂದು ನಿಂತಂತಾಯಿತು.

ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಟರ್ಬೋ ಎಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಓಡುವ ಗಾಡಿಯಲ್ಲಿ ಆಕ್ಸಿಲೇಟರಿನ ಮೇಲಿಂದ ಕಾಲು ತೆಗೆದ ಕೂಡಲೇ ಇಂಜಿನ್ನಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಒತ್ತಿಕೊಂಡು ಬಂದ ಗಾಳಿಗೆ ದಾರಿಯಿರುವುದಿಲ್ಲ. ಆಗ ಅದಕ್ಕೊಂದು ಅಡ್ಡದಾರಿ ತೆರೆಯುವುದೇ ಈ ವಾಲ್ವಿನ ಕೆಲಸ. ಕಂಪನಿಯ ವಾಲ್ವು ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಹುಡುಗರಿಗೆ ಸದ್ದೇ ಬೇಕು, ಅದಕ್ಕೆ ಹೊರಗಿನದನ್ನು ತರಿಸುತ್ತಾರೆ. ಬಾಗಿಲು ಮುಚ್ಚಿದ್ದು ವಾಲ್ವಿಗೆ ತಿಳಿಯಬೇಕಲ್ಲ, ಅದಕ್ಕೆ ಇಂಜಿನ್ನಿನಿಂದ ಒಂದು ಸಣ್ಣ ಪೈಪು ಎಳೆದು ಕೊಡಬೇಕು. ಆ ಸಣ್ಣ ಪೈಪನ್ನು ಎಲ್ಲಿಂದ ಎಳೆಯುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೇಸ್ತ್ರಿ ಜಗಳೂರಿನ ಕಡೆಯವರು. ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಲಾರಿ ಕ್ಲೀನರಾಗಿ ಊರು ಬಿಟ್ಟು, ಕೊನೆಗೆ ಚನ್ನಗಿರಿಯಲ್ಲಿ ಗ್ಯಾರೇಜು ಹಾಕಿದವರು. ಟ್ರ್ಯಾಕ್ಟರು, ಜೀಪು, ಲಾರಿ, ಡೀಸೆಲ್ ಕುಡಿಯುವುದು ಯಾವುದೇ ಆಗಲಿ, ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಮನುಷ್ಯರಾಗಿ ಉಳಿಯುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಎಸೆಯುವರು. ಅದರಲ್ಲೂ ಒಂದು ಲೆಕ್ಕಾಚಾರ: ಕೈಯಲ್ಲಿ ಒಳ್ಳೆಯ ಸ್ಪ್ಯಾನರ್ ಇದ್ದರೆ ಅದನ್ನು ಜೋಪಾನವಾಗಿ ಕೆಳಗಿಟ್ಟು, ತುಕ್ಕು ಹಿಡಿದದ್ದೊಂದನ್ನು ಹುಡುಕಿ ತೆಗೆದು ಆಮೇಲೆ ಎಸೆಯುವರು. ಅಷ್ಟರಲ್ಲಿ ನಾವು ರಸ್ತೆ ದಾಟಿರುತ್ತಿದ್ದೆವು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ದಾವಣಗೆರೆಯಲ್ಲಿ ಪೆಟ್ರೋಲ್ ಕಾರುಗಳ ಕೆಲಸ ಕಲಿತು, ಮದುವೆಯಾದ ಮೇಲೆ ಚನ್ನಗಿರಿಗೆ ಬಂದು ಅವರ ಹತ್ತಿರ ಸೇರಿದ್ದೆ. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ ನಾನು. ದುಡಿದು ತಿಂದಿದ್ದೇನೆ. ಪೆಟ್ರೋಲ್ ಕಾರು ಬಂದರೆ ಮೇಸ್ತ್ರಿ ಮುಖ ಗಂಟಿಕ್ಕಿಕೊಂಡು ನನ್ನ ಕಡೆ ಕೈ ತೋರಿಸುತ್ತಿದ್ದರು. ಆದರೆ ಆ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಯಾರೇ ಮಾಡಲಿ, ಕೊನೆಯ ಬೋಲ್ಟು ಮೇಸ್ತ್ರಿಯದು. ಅದನ್ನು ತಾವೇ ಬಿಗಿ ಮಾಡಿ, ಅದರ ತಲೆಗೆ ಹಳದಿ ಬಣ್ಣದ ಬೊಟ್ಟು ಇಡುತ್ತಿದ್ದರು. ಬೊಟ್ಟು ಬಿದ್ದ ಗಾಡಿಗೆ ಏನಾದರೂ ಅವರೇ ಹೊಣೆ. ಗಿರಾಕಿಗಳಿಗೆ ಇದು ಗೊತ್ತಿರಲಿಲ್ಲ, ನಮಗಷ್ಟೇ ಗೊತ್ತಿತ್ತು.

ಆರೇಳು ವರ್ಷದ ಹಿಂದಿನ ಮಾತು. ಕೆರೆಬಿಳಚಿಯ ಅಡಿಕೆ ವ್ಯಾಪಾರಿಯೊಬ್ಬರ ಕಿರಿಯ ಮಗ ಹೊಸ ಕಾರು ತಂದ. ವಾಲ್ವಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಮೇಸ್ತ್ರೀ, ಕಾಲು ಎತ್ತಿದ್ರೆ ಹಾವು ಬುಸ್ ಅಂದಂಗೆ ಕೇಳ್ಬೇಕು ನೋಡ್ರಿ."

"ಹಾವೇ ಬೇಕಂದ್ರೆ ನಿಮ್ಮಪ್ಪನ ತೋಟದಾಗೆ ಬೇಕಾದಷ್ಟು ಅದಾವೆ. ಇಲ್ಲಿಗ್ಯಾಕೆ ಬಂದೆ?" ಅಂದರು ಮೇಸ್ತ್ರಿ. ಹುಡುಗ ನಕ್ಕ. ಮೇಸ್ತ್ರಿಯೂ ನಕ್ಕರು. ಹುಡುಗನ ಮುಖದಲ್ಲಿ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ.

ನಾನು ಕೈ ಒರೆಸಿಕೊಂಡು ಬಾನೆಟ್ಟಿನ ಹತ್ತಿರ ಹೋದೆ. ಮೇಸ್ತ್ರಿ ಭುಜದಿಂದ ನನ್ನನ್ನು ನೂಕಿದರು. "ನೀನು ಸರಿ ಅತ್ಲಾಗೆ. ಟರ್ಬೋ ಅಂದ್ರೆ ಡೀಸೆಲ್ ವಿದ್ಯೆ. ಲಾರಿ ಟರ್ಬೋ ಬಿಚ್ಚಿ ಜೋಡ್ಸಿದೋನು ನಾನು."

ವಾಲ್ವನ್ನು ಚೆನ್ನಾಗಿಯೇ ಕೂರಿಸಿದರು, ಅದರಲ್ಲಿ ಕೊಂಕು ಹೇಳುವಂತಿರಲಿಲ್ಲ. ಎಡವಿದ್ದು ಸಣ್ಣ ಪೈಪಿನಲ್ಲಿ. ಡೀಸೆಲ್ ಗಾಡಿಯಲ್ಲಿ ಗಾಳಿ ಎಳೆಯುವ ಪೈಪು ಎಂದರೆ ಬ್ರೇಕಿಗೆ ಹೋಗುವ ಪೈಪು. ಬ್ರೇಕ್ ಪೆಡಲಿಗೆ ಬಲ ಕೊಡುವುದು ಅದೇ. ಜೀವಮಾನವೆಲ್ಲ ಡೀಸೆಲ್ಲಿನಲ್ಲಿ ಕೈ ಅದ್ದಿದ ಮನುಷ್ಯ ಇಲ್ಲಿಯೂ ಅದನ್ನೇ ಹುಡುಕಿ ಹಿಡಿದರು, ಬ್ಲೇಡಿನಲ್ಲಿ ಕೊಯ್ದರು. ನಡುವೆ ಕವಲು ಹಾಕಲು ಒಂದು ಟೀ, ಅಂದರೆ ಮೂರು ಬಾಯಿಯ ಜೋಡಣೆ, ಬೇಕಿತ್ತು. ಚನ್ನಗಿರಿಯಲ್ಲಿ ಟೀ ಸಿಗದ ಅಂಗಡಿಯಿದೆಯೇ? ಅಡಿಕೆ ತೋಟಕ್ಕೆ ನೀರು ಹನಿಸುವ ಡ್ರಿಪ್ ಪೈಪಿನ ಪ್ಲಾಸ್ಟಿಕ್ ಟೀ ಗ್ಯಾರೇಜಿನ ಮೂಲೆಯಲ್ಲೇ ಬಿದ್ದಿತ್ತು. ಅದನ್ನೇ ತೂರಿಸಿದರು.

ನನಗೆ ತಡೆಯಲಾಗಲಿಲ್ಲ. "ಮೇಸ್ತ್ರೀ, ಬ್ರೇಕಿನ ಪೈಪು ಮುಟ್ಬ್ಯಾಡ್ರಿ. ಅದು ತೋಟದ ಸಾಮಾನು, ಇಂಜಿನ್ ಕಾವಿಗೆ ಮೆತ್ತಗಾಗ್ತೈತೆ. ಕಳಚ್ತು ಅಂದ್ರೆ ಬ್ರೇಕು ಒಂದೆರಡು ಸಲ ಹಿಡೀತೈತೆ, ಆಮೇಲೆ ಪೆಡಲು ಬಂಡೆ ಆಗ್ತೈತೆ. ಪೆಟ್ರೋಲ್ ಗಾಡೀಲಿ ಇಂಜಿನ್ನಿಗೆ ಗಾಳಿ ಹಂಚೋ ಮ್ಯಾನಿಫೋಲ್ಡಿನ ಹತ್ರ ಬೇರೆ ಸಣ್ಣ ಮೂತಿ ಐತೆ, ಅಲ್ಲಿಂದ ತಗೀರಿ."

ಗಿರಾಕಿಯ ಎದುರಿಗೆ ಹೇಳಿದ್ದೇ ತಪ್ಪಾಯಿತು. ಆ ದಿನ ಅವರು ಒಳ್ಳೆಯ ಸ್ಪ್ಯಾನರನ್ನು ಕೆಳಗಿಡಲಿಲ್ಲ. ಎಡಗೈಯಿಂದ ನನ್ನ ಕತ್ತು ಹಿಡಿದರು, ಆ ಕೈಯಲ್ಲಿ ಕೊಯ್ದ ಪೈಪಿನ ತುಂಡಿತ್ತು, ನನ್ನ ಮೂಗಿಗೆ ಒತ್ತಿಕೊಂಡಿತ್ತು. ಬಲಗೈಯ ಸ್ಪ್ಯಾನರು ಬಾಯಿಗೆ ಬಿತ್ತು. ತುಟಿ ಸೀಳಿತು. ಮುಂದಿನ ಹಲ್ಲೊಂದು ನಾಲಿಗೆಯ ಮೇಲೆ ಬಂದು ಕೂತಿತು, ಸುಲಿದ ಶೇಂಗಾ ಬೀಜದ ಹಾಗೆ.

ನಾನೂ ಸುಮ್ಮನೆ ಏಟು ತಿನ್ನುವವನಲ್ಲ. ಅವರ ಹೊಟ್ಟೆಗೆ ತಲೆಯಿಂದ ಗುದ್ದಿದೆ, ಇಬ್ಬರೂ ಆಯಿಲ್ ಡಬ್ಬಗಳ ಮೇಲೆ ಬಿದ್ದೆವು. ಎದುರಿನ ಚಾ ಅಂಗಡಿಯವನು ಓಡಿಬಂದು ಬಿಡಿಸಿದ. ಹಲ್ಲನ್ನು ಅವರ ಕಾಲ ಬುಡಕ್ಕೆ ಉಗಿದು, "ನಿಮ್ಮ ಕೆಲಸಾನೂ ಬ್ಯಾಡ, ನಿಮ್ಮ ಸಾವಾಸಾನೂ ಬ್ಯಾಡ" ಎಂದು ಹೊರಟೆ.

"ಹೋಗಲೇ, ಹೋಗು! ದಾವಣಗೆರೆ ಇಂಜಿನಿಯರು!" ಎಂದು ಕೂಗಿದರು ಬೆನ್ನ ಹಿಂದೆ. ಕೊಳಾಯಿಯ ಹತ್ತಿರ ಬಾಯಿ ತೊಳೆಯುವಾಗ ಕಾರು ಹೊರಟ ಸದ್ದು ಕೇಳಿತು. ಬುಸ್ ಎಂದಿತು, ಹುಡುಗ ಕೇಳಿದ ಹಾಗೆಯೇ. ಹುಡುಗ ಖುಷಿಯಿಂದ ಹಾರ್ನು ಹೊಡೆದ.

ಮಾರನೆಯ ದಿನ ಬೆಳಗ್ಗೆ ನನ್ನ ಸ್ಪ್ಯಾನರ್ ಪೆಟ್ಟಿಗೆ ತರಲು ಹೋದೆ. ಅದು ನನ್ನ ಸ್ವಂತದ್ದು, ಬಿಟ್ಟು ಬರುವ ಮಾತೇ ಇರಲಿಲ್ಲ. ಮೇಸ್ತ್ರಿ ಒಳಗೆ ಟ್ರ್ಯಾಕ್ಟರಿನ ಕೆಳಗಿದ್ದರು, ಕಾಲಷ್ಟೇ ಕಾಣುತ್ತಿತ್ತು. ನಾನು ಪೆಟ್ಟಿಗೆ ಎತ್ತಿಕೊಂಡೆ. ಆಗಲೇ ಜೀಪು ಬಂದು ನಿಂತಿದ್ದು.

ಹುಡುಗ ಹಿಂದಿನ ಸಾಯಂಕಾಲ ಹೊನ್ನಾಳಿ ರಸ್ತೆಯಲ್ಲಿ ಭತ್ತದ ಟ್ರೇಲರಿನ ಹಿಂಭಾಗಕ್ಕೆ ಗುದ್ದಿದ್ದ. ಎಡಗಾಲಿನ ಮೂಳೆ ಮಂಡಿಯ ಕೆಳಗೆ ಹೋಳಾಗಿತ್ತು, ಜೀವ ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಹೇಳಿರಲಿಲ್ಲ. ಪೆಡಲು ಕಲ್ಲಾಗಿತ್ತು ಎಂದು ಹುಡುಗನೇ ಹೇಳಿದ್ದನಂತೆ. ಬಾನೆಟ್ ಎತ್ತಿ ನೋಡಿದವರಿಗೆ ಕಳಚಿದ ಟೀ ಸಿಕ್ಕಿತ್ತು. ಹುಡುಗನ ಸೋದರಮಾವ ಅದನ್ನು ತಂದು ನಮ್ಮ ನೆಲಕ್ಕೆ ಎಸೆದ. ಹಿಂದೆ ನಾಲ್ಕು ಜನ, ಕೈಯಲ್ಲಿ ದೊಣ್ಣೆ.

"ಇದು ಯಾವ ತೋಟದ್ದಲೇ?"

ನಾನು ಬಾಯಿ ತೆರೆಯುವ ಮೊದಲೇ ಅವನು ನನ್ನ ಅಂಗಿ ಹಿಡಿದಿದ್ದ. "ಈ ಗ್ಯಾರೇಜಿನಾಗೆ ಪೆಟ್ರೋಲ್ ಗಾಡಿ ನೋಡೋನು ನೀನೇ ಅಲ್ವೇನೋ? ಊರಿಗೇ ಗೊತ್ತೈತೆ. ನಮ್ಮ ಹುಡುಗನ ಕಾಲು ತಗ್ದೆ, ನಿನ್ನ ಕೈ ತಗೀತೀನಿ ನೋಡು."

ಬೆನ್ನಿಗೊಂದು ದೊಣ್ಣೆ ಬಿತ್ತು. ಇಬ್ಬರು ನನ್ನನ್ನು ಬೆಂಚಿನ ಹತ್ತಿರಕ್ಕೆ ಎಳೆದು, ಕಬ್ಬಿಣ ಹಿಡಿಯುವ ವೈಸಿನ ದವಡೆಯ ನಡುವೆ ನನ್ನ ಬಲಗೈ ತುರುಕಿದರು. ಬಲಗೈ ಹೋದರೆ ಮೆಕ್ಯಾನಿಕ್ಕು ಮುಗಿದ ಹಾಗೆ. ಮನೆಯಲ್ಲಿ ಹೆಂಡತಿ ತುಂಬು ಬಸುರಿ, ನನಗೆ ಬೇರೆ ವಿದ್ಯೆಯಿಲ್ಲ. ನಾನಲ್ಲ, ಅವರು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಲಿಗೆ ಏಳಲಿಲ್ಲ. ಒಳ್ಳೆಯತನವೇನಲ್ಲ, ಜಂಬ. ಇನ್ನೊಬ್ಬನ ಹೆಸರು ಹೇಳಿ ಬದುಕಿಕೊಂಡ ಎನ್ನಿಸಿಕೊಳ್ಳುವುದು ಬೇಡವಾಗಿತ್ತು.

ಮೇಸ್ತ್ರಿ ಟ್ರ್ಯಾಕ್ಟರಿನ ಕೆಳಗಿಂದ ಹೊರಳಿ ಬಂದರು. ಸುಮ್ಮನಿದ್ದರೆ ಅವರು ಉಳಿಯುತ್ತಿದ್ದರು. ಸುಮ್ಮನಿದ್ದುಬಿಡುತ್ತಾರೆ ಎಂದೇ ನನಗೆ ಅನ್ನಿಸಿತ್ತು, ಹಿಂದಿನ ದಿನದ ಜಗಳ ಹಾಗಿತ್ತು...

"ಬಿಡ್ರಲೇ ಅವ್ನ. ಆ ಮುಖಕ್ಕೆ ವಾಲ್ವು ಕೂರ್ಸಾಕೆ ಬರ್ತೈತೇನು? ಕೂರ್ಸಿದೋನು ನಾನು."

"ಕೆಲಸದೋನ್ನ ಉಳ್ಸಾಕೆ ಹೇಳ್ತೀಯೇನೋ ಮುದುಕಾ?"

ಆ ಮಾತಿಗೆ ಮೇಸ್ತ್ರಿಗೆ ಬಂದ ಸಿಟ್ಟನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. "ಇವನ್ನ ಉಳ್ಸಾಕಾ? ನೆನ್ನೆ ಇವನ ಹಲ್ಲು ಉದುರ್ಸಿದೋನೇ ನಾನು, ಬಾಯಿ ತೆಗ್ಸಿ ನೋಡ್ರಿ! ಬಿಗಿ ಮಾಡಿ ಹಳದಿ ಬೊಟ್ಟು ಇಟ್ಟಿದೀನಿ, ಹೋಗಿ ನೋಡ್ರಿ! ನನ್ನ ಗ್ಯಾರೇಜಿನಾಗೆ ಕೊನೇ ಬೋಲ್ಟು ನಂದು. ನಾನು ಮಾಡಿದ್ದನ್ನ ಇವ್ನು ಮಾಡ್ದ ಅಂತೀರೇನೋ ಬೋಸುಡಿ ಮಕ್ಕಳಾ?"

ಹೀಗೆನ್ನುತ್ತ ಹುಡುಗನ ಸೋದರಮಾವನ ಕೆನ್ನೆಗೆ ಒಂದು ಕೊಟ್ಟರು. ಅಲ್ಲಿಗೆ ಮುಗಿಯಿತು. ನನ್ನನ್ನು ಬಿಟ್ಟು ಎಲ್ಲರೂ ಅವರ ಮೇಲೆ ಬಿದ್ದರು. ನನ್ನ ಕೈ ತೆಗೆದ ಜಾಗಕ್ಕೆ ಅವರ ಕೈ ಹೋಯಿತು. ನಾನು ಜಾಕಿನ ರಾಡು ಎತ್ತಿಕೊಂಡು ನುಗ್ಗಿದೆ, ಒಬ್ಬನ ಭುಜ ಮುರಿಯುವ ಹಾಗೆ ಹೊಡೆದೆ. ಪಕ್ಕೆಗೆ ಬಿದ್ದ ಏಟಿಗೆ ನೆಲ ಹಿಡಿದೆ. ಬಿದ್ದಲ್ಲಿಂದಲೇ ನೋಡಿದೆ. ವೈಸು ತಿರುಗಿಸುತ್ತಿದ್ದವನು ಗಾಬರಿಯಲ್ಲಿ ಹಿಡಿಯನ್ನು ತಿರುವುಮುರುವು ತಿರುಗಿಸುತ್ತಿದ್ದ. ಮೇಸ್ತ್ರಿ ಅವನಿಗೂ ಬೈದರು. "ಆ ಕಡೀಗೆ ತಿರುಗ್ಸೋ ದನಾ! ಬಿಗಿ ಮಾಡಾಕೂ ಬರಲ್ವಲ್ಲೋ ನಿಂಗೆ!"

ಆಮೇಲೆ ಹಸಿ ಕಬ್ಬು ಮುರಿದಂಥ ಸದ್ದು. ಒಂದಲ್ಲ, ಸಾಲಾಗಿ. ಮೇಸ್ತ್ರಿ ಕೂಗಲಿಲ್ಲ. ಕೂಗಿದವನು ನಾನು.

ಆಸ್ಪತ್ರೆಗೆ ಪೊಲೀಸರು ಬಂದು ಕೇಳಿದಾಗ, ಜಾಕು ಜಾರಿ ಕೈ ಮೇಲೆ ಗಾಡಿ ಕೂತಿತು ಎಂದರು ಮೇಸ್ತ್ರಿ. ನಾನು ನಿಜ ಹೇಳಲು ಹೋದರೆ ಕಣ್ಣಲ್ಲೇ ಸುಟ್ಟರು. ಹೊಡೆದರು ಎಂದರೆ ಯಾಕೆ ಹೊಡೆದರು ಎಂದು ಹೇಳಬೇಕು. ತಾನು ಕೂರಿಸಿದ್ದು ಕಳಚಿತು ಎಂದು ಕಾಗದದ ಮೇಲೆ ಬರೆಸುವ ಮನುಷ್ಯ ಅವರಾಗಿರಲಿಲ್ಲ. ಹುಡುಗನ ಕಡೆಯವರೂ ಸುಮ್ಮನಾದರು. ಹುಡುಗ ಬದುಕಿದ, ಈಗಲೂ ಸ್ವಲ್ಪ ಎಳೆದು ನಡೆಯುತ್ತಾನೆ.

ಪೊಲೀಸರು ಹೋದ ಮೇಲೆ ಮೇಸ್ತ್ರಿ ಗೋಡೆಯ ಕಡೆ ನೋಡುತ್ತ ಮಲಗಿದ್ದರು. ಬಲಗೈಗೆ ಬಟ್ಟೆ ಸುತ್ತಿ ಸುತ್ತಿ ಕುಂಬಳಕಾಯಿಯಷ್ಟಾಗಿತ್ತು. ನನ್ನ ಕಡೆ ಹೊರಳಿ ಕೇಳಿದರು: "ಆ ಮೂತಿ ಎಲ್ಲಿರ್ತೈತೆ ಅಂದೆ?"

ನಾನು ಹೇಳಿದೆ. ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಗೀಚಿ ತೋರಿಸಿದೆ, ಇಲ್ಲಿ ಮ್ಯಾನಿಫೋಲ್ಡು, ಇಲ್ಲಿ ಬ್ರೇಕಿನದು, ಇದರ ಪಕ್ಕ ಅದು. ಗಮನವಿಟ್ಟು ನೋಡಿದರು. ಆಮೇಲೆ ಅಂದರು, "ಇದನ್ನ ಮೊದ್ಲೇ ಹೇಳಾಕೆ ಏನಾಗಿತ್ತಲೇ ನಿಂಗೆ?"

ನನಗೆ ಅವರ ಕತ್ತು ಹಿಸುಕಬೇಕು ಅನ್ನಿಸಿತು. ಬದಲಿಗೆ ನಗು ಬಂತು. ಹೊಲಿಗೆ ಹಾಕಿದ ತುಟಿ ಬಿಚ್ಚಿಕೊಂಡು ಮತ್ತೆ ರಕ್ತ ಬಂತು. ಅದನ್ನು ನೋಡಿ ಅವರೂ ನಕ್ಕರು, ನಗುತ್ತ ನಗುತ್ತ ಕೈ ನೋವಿಗೆ ಬೈದರು, ನನಗೂ ಬೈದರು, ನರ್ಸಮ್ಮನಿಗೂ ಬೈದರು.

ಕೈ ಮತ್ತೆ ಕೈಯಾಗಲಿಲ್ಲ. ಬೆರಳುಗಳು ಮಡಚುತ್ತಿರಲಿಲ್ಲ. ಗ್ಯಾರೇಜು ಮುಚ್ಚಿ ಜಗಳೂರಿಗೆ, ತಮ್ಮನ ಕುರಿಗಳ ಹತ್ತಿರಕ್ಕೆ ಹೋದರು. ನಾನು ಹೊನ್ನಾಳಿಗೆ ಬಂದು ನನ್ನದೇ ಗ್ಯಾರೇಜು ಹಾಕಿದೆ. ಪೂಜೆಗೆ ಬರ್ರಿ ಎಂದು ಫೋನು ಮಾಡಿದರೆ, "ಕುರಿ ಯಾರು ನೋಡ್ತಾರೆ, ನಿಮ್ಮಪ್ಪನಾ?" ಎಂದು ಇಟ್ಟುಬಿಟ್ಟರು. ಆಮೇಲೆ ನನಗೂ ಕೆಲಸ, ಮಕ್ಕಳು... ವರ್ಷಗಳು ಹೋದವು.

ನ್ಯಾಮತಿಯ ಹುಡುಗನ ಕೆಲಸ ಮುಗಿಸಿ ಕೊಟ್ಟ ಮೇಲೆ ನನಗೆ ಮನಸ್ಸು ನಿಲ್ಲಲಿಲ್ಲ. ಈ ಭಾನುವಾರ ಗ್ಯಾರೇಜಿಗೆ ಬೀಗ ಹಾಕಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ದಾರಿಯುದ್ದಕ್ಕೂ ಮೆಕ್ಕೆಜೋಳದ ಹೊಲ. ಒಂದು ಮಾತು ಹೇಳಬೇಕಿತ್ತು. ಇಷ್ಟು ವರ್ಷದಲ್ಲಿ ಫೋನಿನಲ್ಲೂ ಹೇಳಿರಲಿಲ್ಲ, ಹೇಗೆ ಶುರು ಮಾಡುವುದೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡೆ.

ಮನೆಯ ಬಾಗಿಲಲ್ಲಿ ಅವರ ಹೆಂಡತಿ ಶೇಂಗಾ ಬಿಡಿಸುತ್ತ ಕೂತಿದ್ದರು. ಹಣೆ ನೋಡಿದ ಕೂಡಲೇ ತಿಳಿಯಿತು. ಕಾರ್ತೀಕದಲ್ಲಿ ಹೋದರಂತೆ, ಎದೆನೋವು. ನಮಗೆ ಹೇಳಿ ಕಳಿಸಬೇಕು ಅನ್ನುವುದು ಯಾರಿಗೂ ಹೊಳೆದಿರಲಿಲ್ಲ.

ನಾನು ಜಗುಲಿಯ ಮೇಲೆ ಕೂತೆ. ಬಾಯಿಪಾಠ ಮಾಡಿದ್ದನ್ನು ಅವರ ಮುಂದೆಯೇ ಒಪ್ಪಿಸಿದೆ. "ಅಕ್ಕಾ, ಈ ಕೈ ಅವರು ಉಳಿಸಿದ್ದು. ಇದ್ರಾಗೆ ನನ್ನ ಮನೆ ನಡೀತೈತೆ. ಅದನ್ನ ಹೇಳಾಕೆ ಬಂದಿದ್ದೆ."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, ಅಳುವಿನ ನಡುವೆಯೇ ನಕ್ಕರು. "ಅವ್ರ ಮುಂದೆ ಹಂಗಂದಿದ್ರೆ ಎಡಗೈಯಾಗೆ ಹೊಡೀತಿದ್ರು ನೋಡಪ್ಪಾ ನಿಂಗೆ."

ನಿಜ. ಹೊಡೆದೇ ಹೊಡೆಯುತ್ತಿದ್ದರು. ಆದರೂ ಒಂದು ಸಲ ಬಂದು, ಹೇಳಿ, ಹೊಡೆಸಿಕೊಂಡು ಹೋಗಬೇಕಿತ್ತು...