ಕನ್ನ ಹಾಕಿದ ಭಾನುವಾರ

ಮೊನ್ನೆ ಟಿವಿ ಸ್ಟ್ಯಾಂಡ್ ಒರೆಸುವಾಗ ಹಿಂದುಗಡೆಯಿಂದ ಕವರಿಲ್ಲದ ಡಿವಿಡಿಯೊಂದು ಉರುಳಿ ಬಿತ್ತು. ಕೈಗೆತ್ತಿಕೊಂಡದ್ದೇ ತಡ, ನನಗೊಬ್ಬಳಿಗೇ ನಗು. ಒರೆಸುವ ಕೆಲಸ ಅಲ್ಲಿಗೇ ನಿಂತಿತೆಂದು ನಿಮಗೆ ಬೇರೆ ಹೇಳಬೇಕಿಲ್ಲವಲ್ಲ.

ಅದು ಪಾಟೀಲ್ ಅಂಕಲ್ ಅವರದು. ಧಾರವಾಡದವರು, ನಮ್ಮಂತೆಯೇ ದೇಶ ಬಿಟ್ಟು ಬಂದವರು; ಇಲ್ಲೇ ಹತ್ತಿರದ ಯೂಲೆಸ್ ಎಂಬ ಊರಿನಲ್ಲಿ ಹಲ್ಲಿನ ಡಾಕ್ಟರು. ಹಳೆಯ ಹಾಲಿವುಡ್ಡಿನ ಕಪ್ಪು-ಬಿಳುಪು ದರೋಡೆ ಸಿನಿಮಾ ಎಂದರೆ ಪ್ರಾಣ. ಅದೂ ದುಡ್ಡಿಲ್ಲದೆ ತೆಗೆದವು. ಇದರಲ್ಲಿ ಇದ್ದದ್ದೇ ಎರಡು ಕೋಣೆ, ಒಂದು ಕಾರು, ಎಲ್ಲರ ತಲೆಗೂ ಟೋಪಿ. ಉಳಿದದ್ದೆಲ್ಲ ಕತ್ತಲೆ. "ಲೈಟಿಗೆ ರೊಕ್ಕ ಇರ್ಲಿಲ್ರಿ, ಅದಕ್ಕ ಇಷ್ಟು ಛಂದ ಬಂದದ," ಎನ್ನುವರು. ಯಾವ ಟೋಪಿ ಕಳ್ಳನದು, ಯಾವುದು ಪೊಲೀಸಿನವನದು ಎಂದು ನನಗೆ ಇವತ್ತಿಗೂ ತಿಳಿಯದು.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನಮ್ಮ ಮನೆಯಲ್ಲಿ ಊಟ ಮುಗಿಸಿ ನಾಲ್ಕು ಮನೆಯವರು ಕೂತೆವು. ಚಿತ್ರವೇನೋ ಬಂತು, ಮಾತು ಬರೀ ಗೊರಗೊರ. ಅಂಕಲ್ ಮ್ಯೂಟ್ ಮಾಡಿ, "ನಾವ ಮಾತಾಡೋಣಲ್ರಿ, ಕನ್ನಡದಾಗ," ಎಂದರು. ಮುಖ್ಯ ಕಳ್ಳ ಅವರೇ. ಅವನ ಜೊತೆಗಾತಿಯ ಮಾತು ನನ್ನ ಮಗಳು ಅನುವಿಗೆ. ಹೈಸ್ಕೂಲು ಹುಡುಗಿ, ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಹಿಂದೊಮ್ಮೆ ಯಾರೋ ಅವಳ ಉಚ್ಚಾರಣೆಗೆ ನಕ್ಕ ಮೇಲೆ ಬಾಯಿಗೆ ಬೀಗ. ಇನ್ನೊಮ್ಮೆ ನಕ್ಕರೆ ಈ ಜನ್ಮದಲ್ಲಿ ನನ್ನೊಡನೆ ಕನ್ನಡ ಆಡಳು ಎಂಬುದೇ ನನ್ನ ಭಯ.

ಅಂಕಲ್ ಅವಳಿಗೆ ಹೇಳಿಕೊಟ್ಟದ್ದು ಒಂದೇ ಮಾತು: "ಬ್ಯಾಂಕಿಗೆ ಕನ್ನ ಹಾಕೋಣ." ಕನ್ನ ಎಂಬ ಪದ ಪಾಪ, ನಮ್ಮ ಮನೆಯಲ್ಲಿ ಅವಳು ಎಲ್ಲಿ ಕೇಳಬೇಕು? ಪರದೆಯ ಹೆಂಗಸು ಬಾಯಿ ತೆರೆದಳು. ಅನು ಧೈರ್ಯ ಮಾಡಿ, "ಬ್ಯಾಂಕಿಗೆ ಅನ್ನ ಹಾಕೋಣ," ಎಂದಳು.

ಸೂರು ಹಾರಿಹೋಗುವಂತೆ ನಗು. ಅವಳು ಮುಖ ಕೆಂಪಗೆ ಮಾಡಿಕೊಂಡು ಎದ್ದೇಬಿಟ್ಟಳು. ಅಂಕಲ್ ಮಾತ್ರ ನಗಲಿಲ್ಲ. ಕಳ್ಳನ ಗಡಸು ದನಿಯಲ್ಲೇ, "ಹಾಕೋಣು. ಸಾರು ನಾ ತರ್ತೀನಿ. ಹಪ್ಪಳ ಯಾರ್ ತರಾವ್ರು?" ಎಂದರು.

ಅನು ತಿರುಗಿ ನೋಡಿದಳು. ಪರದೆಯಲ್ಲಿ ಆ ಹೆಂಗಸು ಕೈಚೀಲದಿಂದ ಪಿಸ್ತೂಲು ತೆಗೆಯುತ್ತಿದ್ದಳು. "ನಾನೇ ತಂದಿದ್ದೀನಿ," ಎಂದಳು ಅನು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ತಿಜೋರಿ ಕುಕ್ಕರ್ ಆಯಿತು, ಪೊಲೀಸರು ಕರೆಯದೆ ಬಂದ ನೆಂಟರಾದರು. ಕೊನೆಗೆ ಕಳ್ಳರೆಲ್ಲ ಗುಂಡೇಟು ತಿಂದು ರಸ್ತೆಯಲ್ಲಿ ಬಿದ್ದಾಗ, "ಪಾಪ, ಊಟ ಜಾಸ್ತಿ ಆಯ್ತು, ಮಲಗಿದ್ದಾರೆ," ಎಂದಳು. ಈ ಸಲದ ನಗುವಿಗೆ ಅವಳೂ ಸೇರಿಕೊಂಡಳು. ನನಗೆ ಹೊಟ್ಟೆ ತುಂಬಿಹೋಯಿತು.

ಈಗ ಅನು ಆಸ್ಟಿನ್‌ನಲ್ಲಿ ಓದುತ್ತಾಳೆ. ಡಿವಿಡಿ ಸಿಕ್ಕ ಖುಷಿಗೆ, ಹೊತ್ತುಗೊತ್ತು ನೋಡದೆ ಫೋನ್ ಮಾಡಿದೆ.

"ಕ್ಲಾಸ್ ಟೈಮಲ್ಲಿ ಫೋನ್ ಮಾಡ್ಬೇಡ ಅಂತ ಎಷ್ಟ್ ಸಲ ಹೇಳ್ಬೇಕಮ್ಮ ನಿಂಗೆ? ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?"

ಒಂದೊಂದು ಕನ್ನಡ ಮಾತೂ ನನಗೆ ಚೆನ್ನಾಗಿಯೇ ಕೇಳಿಸಿತ್ತು.

"ಸಿಗ್ನಲ್ ಸರಿ ಇಲ್ಲ ಕಣೇ," ಎಂದೆ. "ಇನ್ನೊಂದ್ ಸಲ ಹೇಳು."