ನಲವತ್ತೊಂದನೇ ಟೋಕನ್

ನಮ್ಮ ದೊಮ್ಮಲೂರಿನ ಕಾರ್ಪೊರೇಟರ್ ನಂದಿತಾ ಮೇಡಂ ಬಾಯಿ ತೆರೆದರೆ ಫ್ಲೈಓವರ್ ಮೇಲಿನ ಹಾರ್ನುಗಳೂ ಸುಮ್ಮನಾಗುತ್ತವೆ. ಇಪ್ಪತ್ತು ವರ್ಷ ವಕೀಲೆಯಾಗಿ ಜನರ ಹಕ್ಕುಗಳಿಗಾಗಿ ಕೋರ್ಟಿನಲ್ಲಿ ಗುದ್ದಾಡಿ, ಬಾಳಸಂಗಾತಿ ಯಮುನಾರನ್ನು ಮುಚ್ಚಿಡದೆ ಮನೆಮನೆಗೂ ಜೊತೆಗೇ ಕರೆದೊಯ್ದು ವೋಟು ಕೇಳಿ ಗೆದ್ದವರು; ನಮ್ಮ ಕಡೆ ಹಾಗೆ ಗೆದ್ದವರಲ್ಲಿ ಅವರೇ ಮೊದಲು. ಯಾರಾದರೂ ಕೊಂಕು ಮಾತಾಡಿದರೆ, "ಸರಿ ಸ್ವಾಮಿ, ಅದನ್ನೇ ಬರೆದು ಸೈನ್ ಹಾಕ್ಕೊಡಿ" ಎಂದು ಪೆನ್ನು ಚಾಚುತ್ತಾರೆ. ಇದುವರೆಗೆ ಒಬ್ಬರೂ ಆ ಪೆನ್ನು ಮುಟ್ಟಿಲ್ಲ. ಸೋಮವಾರ ಅಹವಾಲು ಹೇಳಲು ಬಂದವರಿಗೆಲ್ಲ ಟೋಕನ್. ಶಾಸಕರ ಭಾವಮೈದುನನಿಗೂ ಸಾಲಿನ ಕೊನೆಯೇ ಗತಿ. ಅರ್ಜಿಯಲ್ಲಿ ಒಂದು ಕಾಲಂ ತಪ್ಪಿದರೂ ವಾಪಸು. ಕಳೆದ ಸೋಮವಾರ ನಲವತ್ತೊಂದನೇ ಟೋಕನ್ ಹಿಡಿದು ಬಂದವರು ಮೇಡಂ ಅವರ ತಾಯಿ ಚಿಕ್ಕಮುನಿಯಮ್ಮ. ಯಮುನಾ ವಿಷಯ ತಿಳಿದ ದಿನದಿಂದ, ಅಂದರೆ ಹದಿನಾಲ್ಕು ವರ್ಷದಿಂದ, ಮಗಳ ಜೊತೆ ಮಾತು ಬಿಟ್ಟಿದ್ದವರು. ರೇಷನ್ ಕಾರ್ಡಿಗೆ ಒಂದು ಹೆಸರು ಸೇರಿಸಬೇಕಂತೆ. ಹೆಸರು: ಯಮುನಾ. ಸಂಬಂಧ: ಸೊಸೆ. ಮೇಡಂ ಅದನ್ನು ಮೂರು ಸಲ ಓದಿ, ಕನ್ನಡಕ ತೆಗೆದು ಒರೆಸಿದರು. "ಕಾನೂನಲ್ಲಿ ಈ ಸಂಬಂಧಕ್ಕಿನ್ನೂ ಜಾಗ ಇಲ್ಲಮ್ಮ" ಎಂದರು, ದನಿಯೇ ಏಳದೆ. "ಇಲ್ದಿದ್ರೆ ಮಾಡ್ಸು" ಎಂದು ತಾಯಿ ಕುರ್ಚಿ ಎಳೆದುಕೊಂಡು ಕೂತರು. "ಮತ್ಯಾಕೆ ನಿಂಗೆ ವೋಟ್ ಹಾಕಿದ್ದು ನಾನು?"